ಪುಟ್ಟಿ ಹಾಕಿ ಮಟ್ಟ ಮಾಡಿದ ನೆಲ, ಈಗ ವಿನೈಲ್ ಟೈಲ್ಸ್ ಏಳುತ್ತಿದೆ

ಪ್ರಶ್ನೆ:
ರೂಮಿಗೆ 2 ಮಿ.ಮೀ. ದಪ್ಪದ, ಗೋಂದು ಹಚ್ಚಿ ಅಂಟಿಸುವ ವಿನೈಲ್ ಟೈಲ್ಸ್ ತಂದಿದ್ದೇನೆ. ಹಳೇ ಸಿಮೆಂಟ್ ನೆಲ. ಬಾಗಿಲ ಹತ್ತಿರ ತಗ್ಗು, ಮಧ್ಯೆ ಉಬ್ಬು. ಗೋಡೆಗೆ ಹಚ್ಚಿ ಉಳಿದ ಪುಟ್ಟಿ ಇತ್ತು, ಅದನ್ನೇ ತಗ್ಗಿಗೆ ತುಂಬಿ, ಒಣಗಿದ ಮೇಲೆ ಉಜ್ಜಿ, ಆಹಾ ಎಷ್ಟು ನಯ ಅಂತ ಖುಷಿಪಟ್ಟು ಎಂಟು ಟೈಲ್ಸ್ ಅಂಟಿಸಿ ನೋಡಿದೆ. ಹತ್ತೇ ದಿನಕ್ಕೆ ಮೂರರ ಅಂಚು ಎದ್ದಿದೆ. ಒಂದನ್ನು ಕಿತ್ತರೆ ಗೋಂದಿನ ಜೊತೆ ಬಿಳಿ ಪುಡಿ ಬಂತು. ಉಬ್ಬಿನ ಮೇಲಿನದು ಅಂಟಿದೆ, ಆದರೆ ಕಿಟಕಿ ಬೆಳಕು ಓರೆಯಾಗಿ ಬಿದ್ದಾಗ ಆ ಉಬ್ಬು ಹಾಗೇ ಎದ್ದು ಕಾಣುತ್ತದೆ. ಗೋಂದು ಬದಲಿಸಲಾ?

ಉತ್ತರ:
ಗೋಂದಿನ ತಪ್ಪಿಲ್ಲ ಸರ್. ಪಾಪ, ಅದು ಪುಟ್ಟಿಯನ್ನು ಗಟ್ಟಿಯಾಗಿಯೇ ಹಿಡಿದಿದೆ, ಪುಟ್ಟಿಯೇ ಪುಡಿಯಾಗಿ ನೆಲ ಬಿಟ್ಟಿದೆ. ಗೋಡೆ ಪುಟ್ಟಿ ತೆಳುವಾಗಿ ಹಚ್ಚುವ ವಸ್ತು, ಓಡಾಟದ ಭಾರ ತಡೆಯುವುದಿಲ್ಲ. ಉಳಿದ ಕಡೆ ಬೀಗದ ಕೈಯಿಂದ ಗೀರಿ ನೋಡಿ. ಪುಡಿ ಉದುರಿದರೆ ಪೂರ್ತಿ ಕೆರೆದು ತೆಗೆಯಬೇಕು. ಮೇಲೆ ಪ್ರೈಮರ್ ಹೊಡೆದರೆ ಸಾಕಲ್ವಾ ಅಂದುಕೊಳ್ಳಬೇಡಿ, ನಾನೂ ಹಾಗೆ ಮಾಡಿ ಎರಡು ಸಲ ಕಿತ್ತಿದ್ದೇನೆ.

ಆಮೇಲೆ 2 ಮೀಟರ್ ಉದ್ದದ ನೇರ ಅಲ್ಯೂಮಿನಿಯಂ ಪಟ್ಟಿಯನ್ನು ನೆಲದ ಮೇಲೆ ಎಲ್ಲ ದಿಕ್ಕಿಗೂ ಇಟ್ಟು ನೋಡಿ. ಪಟ್ಟಿಯ ಕೆಳಗೆ 3 ಮಿ.ಮೀ.ಗಿಂತ ಜಾಸ್ತಿ ಸಂದು ಇರುವ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ರಸಮಟ್ಟದ ಗುಳ್ಳೆ ಮಧ್ಯಕ್ಕೆ ಬರಲೇಬೇಕು ಅಂತೇನಿಲ್ಲ. ನೆಲ ಸ್ವಲ್ಪ ಇಳಿಜಾರಾದರೂ ನಡೆಯುತ್ತದೆ, ಏರುಪೇರು ಇರಬಾರದು ಅಷ್ಟೆ.

ಪ್ರಶ್ನೆ ಕೇಳಿದವರು:
ಅಳೆದೆ. ತಗ್ಗು 7 ಮಿ.ಮೀ., ಉಬ್ಬು 4. ಕೆಳಗೆ ಫೋಮ್ ಶೀಟ್ ಹಾಸಿದರೆ? ಅಥವಾ ಸೆಲ್ಫ್ ಲೆವೆಲಿಂಗ್ ಸಿಮೆಂಟನ್ನು ಸ್ವಲ್ಪ ನೀರಾಗಿ ಕಲಸಿ ಸುರಿದುಬಿಡಲಾ, ತಾನೇ ಹರಿಯುತ್ತದಲ್ವಾ?

ಉತ್ತರ:
ಫೋಮ್ ಬೇಡವೇ ಬೇಡ. ಮೆತ್ತಗಿನ ಹಾಸಿನ ಮೇಲೆ ಅಂಟಿಸಿದ ಟೈಲ್ಸ್ ಕಾಲಿಟ್ಟಲ್ಲೆಲ್ಲ ಕುಸಿಯುತ್ತದೆ, ಮತ್ತೆ ಅಂಚು ಏಳುತ್ತದೆ.

ಮೊದಲು ಉಬ್ಬನ್ನು ಗ್ರೈಂಡರಿಗೆ ಡೈಮಂಡ್ ಕಪ್ (ಸಿಮೆಂಟ್ ಉಜ್ಜುವ ಚಕ್ರ) ಹಾಕಿ ಉಜ್ಜಿ. ಇದನ್ನು ಬಿಟ್ಟು ಸುರಿಯಲು ಹೋದರೆ ಇಡೀ ರೂಮನ್ನು ಉಬ್ಬಿನ ಎತ್ತರಕ್ಕೆ ಏರಿಸಬೇಕಾಗುತ್ತದೆ, ಬಾಗಿಲು ಉಜ್ಜಲು ಶುರು. ಮಾಸ್ಕ್ ಹಾಕಿ, ಆ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಎಲ್ಲಾದರೂ ಹಳೇ ಕಪ್ಪು ಗೋಂದು ಕಂಡರೆ ಉಜ್ಜಬೇಡಿ, ಅದರಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ.

ದೂಳು ತೆಗೆದು ನೆಲದ ಮೇಲೆ ನೀರಿನ ಹನಿ ಹಾಕಿ. ಹೀರಿಕೊಂಡರೆ ಸರಿ. ಮುತ್ತಿನ ಹಾಗೆ ನಿಂತರೆ ಎಣ್ಣೆಯೋ ಬಣ್ಣವೋ ಇದೆ, ಇನ್ನೂ ಕೆರೆಯಿರಿ. ಆಮೇಲೆ ಪ್ರೈಮರ್, ಅದು ಒಣಗಿದ ಮೇಲೆ ಲೆವೆಲಿಂಗ್. ನೀರು ಮಾತ್ರ ಚೀಲದ ಮೇಲೆ ಬರೆದಷ್ಟೇ, ಅಳೆದು. ಜಾಸ್ತಿಯಾದರೆ ಮರಳು ತಳಕ್ಕೆ ಇಳಿದು ಮೇಲೆ ಬರೀ ತೆಳು ಕೆನೆ ಉಳಿಯುತ್ತದೆ, ಮತ್ತದೇ ಪುಡಿ ಕಥೆ. ಬಾಗಿಲಿಗೆ ಅಡ್ಡ ಮರದ ಪಟ್ಟಿ ಇಡಿ, ಇಲ್ಲವಾದರೆ ಹಾಲ್‌ಗೆ ಹರಿಯುತ್ತದೆ.

ಹಾಂ, ಸುರಿಯುವ ಮೊದಲೇ ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಒಂದು ದಿನ ಬಿಡಿ. ಒಳಗೆ ಹನಿ ಕಟ್ಟಿದರೆ ನೆಲದಲ್ಲಿ ತೇವ ಇದೆ ಅಂತ ಅರ್ಥ.

ಪ್ರಶ್ನೆ ಕೇಳಿದವರು:
ಉಬ್ಬು ಹೋಯಿತು. ಪ್ಲಾಸ್ಟಿಕ್ ಮೂರು ಕಡೆ ಹಾಕಿದ್ದೆ. ಎರಡು ಒಣಗಿವೆ, ಬಾತ್‌ರೂಮ್ ಗೋಡೆ ಪಕ್ಕದ್ದರ ಒಳಗೆ ಮಾತ್ರ ಹನಿ ಕಟ್ಟಿದೆ, ನೆಲವೂ ಕಪ್ಪಾಗಿದೆ.

ಉತ್ತರ:
ಹಾಗಾದರೆ ಪ್ರೈಮರ್ ಡಬ್ಬ ಈಗಲೇ ತೆರೆಯಬೇಡಿ. ಮೊದಲು ಆ ಗೋಡೆಯ ಪೈಪು ಸೋರುತ್ತಿದೆಯಾ ನೋಡಿಸಿ. ರಿಪೇರಿ ಆಗಿ ನೆಲ ಒಣಗಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಪ್ಲಾಸ್ಟಿಕ್ ಅಂಟಿಸಿ ನೋಡಿ.