ಎಡಗಣ್ಣಿಗೆ ಮೈನಸ್ 0.75 ಇದ್ದರೆ ವಾಯುಪಡೆಯ ಪೈಲಟ್ ಆಗಲು ಸಾಧ್ಯವೇ?

ತೋಟದ ರೈಟರ್, ಪೊನ್ನಂಪೇಟೆ

ಮಾನ್ಯರೇ,

ನಾನು ಪೊನ್ನಂಪೇಟೆ ಸಮೀಪದ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿದ್ದೇನೆ. ನನ್ನ ಮಗಳಿಗೆ ಹದಿನೇಳು ವರ್ಷ. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದುತ್ತಿದ್ದಾಳೆ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋಗಿ, ತಮ್ಮ ಮಿಸ್ಟೇರ್ ವಿಮಾನದಿಂದಲೇ ಶತ್ರುವಿನ ಸ್ಟಾರ್‌ಫೈಟರ್ ಅನ್ನು ಉರುಳಿಸಿ ಮರಳಿ ಬಾರದೆ ಹೋದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಕಥೆಯನ್ನು ಅವಳು ತನ್ನ ಅಜ್ಜನ ಬಾಯಿಂದ ಎಷ್ಟು ಬಾರಿ ಕೇಳಿದ್ದಾಳೋ ಲೆಕ್ಕವಿಲ್ಲ. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆ ಹೆಣ್ಣುಮಕ್ಕಳಿಗೂ ತೆರೆದಿದೆ ಎಂದು ತಿಳಿದ ದಿನದಿಂದ ಅವಳಿಗೆ ಬೇರೆ ಮಾತೇ ಇಲ್ಲ.

ಕಳೆದ ತಿಂಗಳು ಬೋರ್ಡಿನ ಅಕ್ಷರ ಮಸುಕಾಗುತ್ತದೆ ಎಂದಳೆಂದು ಕನ್ನಡಕದ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಯಂತ್ರದ ಮುಂದೆ ಎರಡು ನಿಮಿಷ ಕೂರಿಸಿ, ಬಲಗಣ್ಣು ಸರಿಯಿದೆ, ಎಡಗಣ್ಣಿಗೆ ಮೈನಸ್ 0.75 ಇದೆ ಎಂದು ಚೀಟಿ ಬರೆದುಕೊಟ್ಟರು. ಕೋಚಿಂಗ್ ಕೇಂದ್ರವೊಂದರಲ್ಲಿ ವಿಚಾರಿಸಿದಾಗ, ‘ಈಗಲೇ ಲೇಸಿಕ್ (ಲೇಸರ್ ಶಸ್ತ್ರಚಿಕಿತ್ಸೆ) ಮಾಡಿಸಿಬಿಡಿ, ಯಾರಿಗೂ ಗೊತ್ತಾಗುವುದಿಲ್ಲ’ ಎಂಬ ಉತ್ತರ ಬಂತು. ಆ ಮಾತು ನನಗೆ ಸರಿಕಾಣಲಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ನೇತ್ರ ತಪಾಸಕಿ, ಕುಶಾಲನಗರ

ಮಾನ್ಯರೇ, ಮೊದಲು ಒಂದು ಮಾತು: ಶಸ್ತ್ರಚಿಕಿತ್ಸೆಯನ್ನು ಈಗ ಮಾಡಿಸಬೇಡಿ. ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ಫ್ಲೈಯಿಂಗ್ ಶಾಖೆಗೆ ಬರಿಗಣ್ಣಿನಲ್ಲಿ ಒಂದು ಕಣ್ಣಿಗೆ 6/6, ಇನ್ನೊಂದಕ್ಕೆ ಕನಿಷ್ಠ 6/9 ದೃಷ್ಟಿ ಇರಬೇಕು. ಸಾಮಾನ್ಯ ಕಣ್ಣು ಒಂಬತ್ತು ಮೀಟರ್ ದೂರದಿಂದ ಓದಬಲ್ಲ ಸಾಲನ್ನು ಆರು ಮೀಟರಿಗೆ ಬಂದು ಓದಿದರೆ ಅದು 6/9; ಆರು ಮೀಟರಿನಲ್ಲೇ ಓದಬೇಕಾದ, ಅಂದರೆ 6/6ರ ಸಾಲಿನ ಅಕ್ಷರ ಸುಮಾರು ಒಂಬತ್ತು ಮಿಲಿಮೀಟರ್ ಎತ್ತರವಿರುತ್ತದೆ. ಆದರೆ ಆ 6/9 ಆದದ್ದು ಪ್ಲಸ್ ದೋಷದಿಂದ (ದೂರದೃಷ್ಟಿ ದೋಷ) ಆಗಿದ್ದು, ಮಸೂರ ಇಟ್ಟಾಗ 6/6ಕ್ಕೆ ಬಂದರೆ ಮಾತ್ರ ಒಪ್ಪುತ್ತಾರೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಪ್ಲಸ್ 2.0 ಡಯಾಪ್ಟರ್‌ವರೆಗೆ ರಿಯಾಯಿತಿ ಇದೆ (ಡಯಾಪ್ಟರ್ ಎಂದರೆ ಮಸೂರದ ನಂಬರಿನ ಅಳತೆ), ಮೈನಸ್‌ಗೆ ಇಲ್ಲ. ಕಣ್ಣಿಗೆ ಬೆಳಕು ಬಿಟ್ಟು ನಂಬರು ಅಳೆಯುವ ರೆಟಿನೋಸ್ಕೋಪ್‌ನಲ್ಲಿ ಕಾಣುವ ಮೈನಸ್ 0.5ರಷ್ಟನ್ನು ಮಾತ್ರ ಬಿಟ್ಟುಕೊಡುತ್ತಾರೆ.

ಈ ತಾರತಮ್ಯಕ್ಕೆ ಕಾರಣವಿದೆ. ಪ್ಲಸ್ ದೋಷವುಳ್ಳ ಎಳೆಯ ಕಣ್ಣು ಒಳಗಿನ ಮಸೂರವನ್ನು ಉಬ್ಬಿಸಿ ದೂರದ್ದನ್ನು ಸ್ಪಷ್ಟಮಾಡಿಕೊಳ್ಳುತ್ತದೆ. ಮೈನಸ್ ಕಣ್ಣಿಗೆ ಅಂಥ ಉಪಾಯವಿಲ್ಲ, ಮೇಲಾಗಿ ಅದು ಇಪ್ಪತ್ತರ ಆಚೀಚೆಯವರೆಗೂ ಬೆಳೆಯುತ್ತಾ ಹೋಗಬಹುದು. ಇನ್ನೊಂದು ಸಂಗತಿಯೂ ಇದೆ. ಮಳೆಗಾಲದಲ್ಲಿ ರಾಜಾಸೀಟಿನಲ್ಲಿ ನಿಂತು ಬರೀ ಮಂಜನ್ನೇ ನೋಡಿದವರನ್ನು ಕೇಳಿ: ನೆಲೆಯೂರಲು ಏನೂ ಇಲ್ಲದಾಗ ಕಣ್ಣು ತಾನಾಗಿ ಹತ್ತಿರಕ್ಕೆ, ಒಂದೆರಡು ಮೀಟರಿನಷ್ಟು ದೂರಕ್ಕೆ ಹೊಂದಿಕೊಂಡುಬಿಡುತ್ತದೆ. ಖಾಲಿ ಆಕಾಶದಲ್ಲಿ ಒಳ್ಳೆಯ ಕಣ್ಣಿನ ಪೈಲಟ್‌ಗೂ ಇದೇ ಆಗುತ್ತದೆ. ಮೊದಲೇ ಮೈನಸ್ ಇರುವ ಕಣ್ಣಿಗೆ ಇದೂ ಸೇರಿಕೊಂಡರೆ ದೂರದ ವಿಮಾನದ ಚುಕ್ಕೆ ಕಾಣುವುದು ಇನ್ನಷ್ಟು ತಡವಾಗುತ್ತದೆ.

ಇನ್ನು ನಿಮ್ಮ ಚೀಟಿಯ ವಿಷಯ. ಯಂತ್ರದ ಅಳತೆಯೊಂದನ್ನೇ ನಂಬಿ ನಿರ್ಧಾರಕ್ಕೆ ಬರುವುದು ಬೇಡ. ದಿನವಿಡೀ ಪುಸ್ತಕ, ಮೊಬೈಲ್ ನೋಡುವ ಮಕ್ಕಳಲ್ಲಿ ಕಣ್ಣೊಳಗಿನ ಸ್ನಾಯು ಬಿಗಿಹಿಡಿದು, ಇಲ್ಲದ ಮೈನಸ್ ಇರುವಂತೆಯೂ, ಇರುವ ಮೈನಸ್ ಹೆಚ್ಚಿರುವಂತೆಯೂ ತೋರುವುದುಂಟು. ಆ ಸ್ನಾಯುವನ್ನು ಸಡಿಲಿಸುವ ಹನಿ ಹಾಕಿ, ನೇತ್ರವೈದ್ಯರಿಂದ ರೆಟಿನೋಸ್ಕೋಪಿ ಮಾಡಿಸಿ. ಹನಿ ಹಾಕಿದ ದಿನ ಹತ್ತಿರದ ಅಕ್ಷರ ಮಸುಕಾಗಿ, ಬಿಸಿಲಿಗೆ ಕಣ್ಣು ಕುಕ್ಕುತ್ತದೆ. ಆದ್ದರಿಂದ ಕಾಲೇಜಿನ ಕಿರುಪರೀಕ್ಷೆಯ ಹಿಂದಿನ ದಿನ ಇದನ್ನು ಇಟ್ಟುಕೊಳ್ಳಬೇಡಿ. ಅದೇ ಭೇಟಿಯಲ್ಲಿ ಇಶಿಹರಾ ಪುಸ್ತಕದಿಂದ ಬಣ್ಣದ ಪರೀಕ್ಷೆಯೂ ಆಗಲಿ. ಪೈಲಟ್‌ಗಳಿಗೆ ಬಣ್ಣದೃಷ್ಟಿಯಲ್ಲಿ ಅತ್ಯುನ್ನತ ದರ್ಜೆಯೇ ಬೇಕು, ಅದರಲ್ಲಿ ರಿಯಾಯಿತಿಯ ಮಾತೇ ಇಲ್ಲ.

ಈಗ ಲೇಸಿಕ್. ಎನ್‌ಡಿಎ ಮೂಲಕ ವಾಯುಪಡೆಗೆ ಬರುವವರಿಗೆ ಈ ಶಸ್ತ್ರಚಿಕಿತ್ಸೆ ಆಗಿರುವಂತೆಯೇ ಇಲ್ಲ. ಪದವಿಯ ನಂತರ ಎಎಫ್‌ಸಿಎಟಿ (ವಾಯುಪಡೆಯ ಸಾಮಾನ್ಯ ಪ್ರವೇಶ ಪರೀಕ್ಷೆ) ಮೂಲಕ ಬರುವವರಿಗೆ ಮಾತ್ರ ಷರತ್ತಿನ ಮೇಲೆ ಒಪ್ಪಿಗೆಯಿದೆ: ಇಪ್ಪತ್ತು ವರ್ಷ ತುಂಬುವ ಮೊದಲು ಮಾಡಿಸಿರಬಾರದು, ಮಾಡಿಸಿ ಹನ್ನೆರಡು ತಿಂಗಳಾದರೂ ತೊಂದರೆಯಿಲ್ಲದೆ ಕಳೆದಿರಬೇಕು, ಉಳಿದ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ದಪ್ಪ 450 ಮೈಕ್ರಾನ್‌ಗಿಂತ ಕಡಿಮೆಯಾಗಬಾರದು, ಮೊದಲಿದ್ದ ದೋಷ ಆರು ಡಯಾಪ್ಟರ್ ದಾಟಿರಬಾರದು. ಹದಿನೇಳಕ್ಕೇ ಮಾಡಿಸಿದರೆ ಎರಡೂ ಬಾಗಿಲು ಒಟ್ಟಿಗೆ ಮುಚ್ಚುತ್ತವೆ. ಗೊತ್ತಾಗುವುದಿಲ್ಲ ಎಂದವರು ಕಾರ್ನಿಯಾದ ನಕ್ಷೆ ತೆಗೆಯುವ ಉಪಕರಣವನ್ನು ನೋಡಿರಲಿಕ್ಕಿಲ್ಲ. ಲೇಸರ್ ಸಮತಟ್ಟುಗೊಳಿಸಿದ ಭಾಗ ಅದರಲ್ಲಿ ಬಣ್ಣ ಬಣ್ಣವಾಗಿ ಎದ್ದುಕಾಣುತ್ತದೆ.

ಒಮ್ಮೆ ತಿರಸ್ಕೃತ, ವಿರಾಜಪೇಟೆ

ಅಂಕಲ್, ಮೇಲಿನ ಮೇಡಂ ಬರೆದದ್ದಕ್ಕೆ ನನ್ನ ಅನುಭವವನ್ನಷ್ಟೇ ಸೇರಿಸುತ್ತೇನೆ. ಮೈಸೂರಿನ ವಾಯುಪಡೆಯ ಆಯ್ಕೆ ಮಂಡಳಿಯಲ್ಲಿ ಐದು ದಿನ ಇದ್ದು, ಪೈಲಟ್‌ಗಳಿಗೆಂದೇ ಇರುವ ಕಂಪ್ಯೂಟರ್ ಪರೀಕ್ಷೆಯಲ್ಲೂ ಉತ್ತೀರ್ಣನಾದೆ. ಜೀವಮಾನದಲ್ಲಿ ಒಂದೇ ಬಾರಿ ಬರೆಯಲು ಅವಕಾಶವಿರುವ ಪರೀಕ್ಷೆ ಅದು. ಅದನ್ನು ದಾಟಿದಾಗ ಇನ್ನೇನು ಆಕಾಶ ಸಿಕ್ಕಿತು ಎಂದುಕೊಂಡಿದ್ದೆ. ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ನಡೆದ ತಪಾಸಣೆಯಲ್ಲಿ, ಕತ್ತಲೆಯ ಕೋಣೆಯಲ್ಲಿ ಆರು ಮೀಟರ್ ದೂರದ ದೀಪದ ಸಣ್ಣ ಚುಕ್ಕೆಗಳ ಬಣ್ಣ ಹೇಳಲು ಕೂರಿಸಿದರು. ಹಸಿರನ್ನು ಮೂರು ಬಾರಿ ಬಿಳಿ ಎಂದೆ. ಅಲ್ಲಿಗೆ ಮುಗಿಯಿತು.

ನನ್ನ ಕಣ್ಣು 6/6 ಇತ್ತು, ಕನ್ನಡಕ ಹಾಕಿದವನೇ ಅಲ್ಲ. ನಮ್ಮ ತೋಟದಲ್ಲಿ ಹಣ್ಣಾದ ಕಾಫಿಯನ್ನು ಕಾಯಿಂದ ಬೇರ್ಪಡಿಸಿ ಕೊಯ್ಯುವಾಗ ಅಜ್ಜಿ ನನ್ನನ್ನು ಬೈಯುತ್ತಿದ್ದುದು ಅವಸರಕ್ಕೆಂದೇ ಭಾವಿಸಿದ್ದೆ. ಬಣ್ಣದೃಷ್ಟಿಯ ಈ ದೋಷ ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುವುದು ಹೆಚ್ಚು, ಹೆಣ್ಣುಮಕ್ಕಳಲ್ಲಿ ಅಪರೂಪ; ಹಾಗಾಗಿ ನಿಮ್ಮ ಮಗಳಿಗೆ ಅದರ ಭಯ ಕಡಿಮೆ. ಆದರೂ ಮನೆಯ ಸಮೀಪ ಹತ್ತು ನಿಮಿಷದಲ್ಲಿ ಆಗುವ ಪರೀಕ್ಷೆಯನ್ನು ಮೂರು ವರ್ಷ ಓದಿದ ಮೇಲೆ ಮೊದಲ ಬಾರಿ ಎದುರಿಸಿದ್ದು ನನ್ನ ದಡ್ಡತನ. ಅವಳಿಗೆ ಹಾಗಾಗದಿರಲಿ. ವೈದ್ಯಕೀಯ ಮಂಡಳಿಯ ತೀರ್ಪಿನ ವಿರುದ್ಧ ಮೇಲ್ಮನವಿಗೆ ಅವಕಾಶವಿದೆ, ನಾನೂ ಸಲ್ಲಿಸಿದ್ದೆ, ಆದರೆ ಹುಟ್ಟಿನಿಂದ ಬಂದದ್ದು ಮೇಲ್ಮನವಿಯಿಂದ ಬದಲಾಗುವುದಿಲ್ಲ.

ತೋಟದ ರೈಟರ್, ಪೊನ್ನಂಪೇಟೆ

ಇಬ್ಬರಿಗೂ ಋಣಿಯಾಗಿದ್ದೇನೆ. ನಿನ್ನೆ ಬಸ್ಸಿನಲ್ಲಿ ಹುಣಸೂರು ಮಾರ್ಗವಾಗಿ ಮೈಸೂರಿಗೆ ಹೋಗಿ ಹನಿ ಹಾಕಿಸಿ ಪರೀಕ್ಷೆ ಮಾಡಿಸಿದೆವು. ರೆಟಿನೋಸ್ಕೋಪಿಯಲ್ಲಿ ಬಲಗಣ್ಣು ಪ್ಲಸ್ 0.25, ಎಡಗಣ್ಣು ಮೈನಸ್ 0.50 ಎಂದು ಬರೆದಿದ್ದಾರೆ. ಬಣ್ಣದ ಪುಸ್ತಕವನ್ನು ಒಂದೂ ತಪ್ಪಿಲ್ಲದೆ ಓದಿದಳು. ಬರುವಾಗ ದಾರಿಯುದ್ದಕ್ಕೂ ನನ್ನ ಕಪ್ಪು ಕನ್ನಡಕ ಹಾಕಿಕೊಂಡು ಕಣ್ಣು ಮುಚ್ಚಿ ಕುಳಿತಿದ್ದವಳು, ಗೋಣಿಕೊಪ್ಪ ಬಂದಾಗ, ‘0.50 ಅಂದರೆ ನಡೆಯುತ್ತದಲ್ಲವೇ ಪಪ್ಪ?’ ಎಂದು ಒಮ್ಮೆ ಮಾತ್ರ ಕೇಳಿದಳು. ನನಗೆ ಉತ್ತರ ತಿಳಿಯಲಿಲ್ಲ.

ನೇತ್ರ ತಪಾಸಕಿ, ಕುಶಾಲನಗರ

0.25ರಷ್ಟು ಇಳಿದದ್ದು ಒಳ್ಳೆಯ ಸುದ್ದಿ, ಆದರೆ ಉತ್ತರ ಇನ್ನೂ ಪೂರ್ಣವಾಗಿಲ್ಲ. ಹನಿಯ ಪ್ರಭಾವ ಪೂರ್ತಿ ಇಳಿದ ಮೇಲೆ, ಕೆಲವು ದಿನ ಬಿಟ್ಟು, ಎಡಗಣ್ಣೊಂದರಿಂದಲೇ ಬರಿಗಣ್ಣಿನಲ್ಲಿ ಅವಳು ಯಾವ ಸಾಲಿನವರೆಗೆ ಓದುತ್ತಾಳೆ, ಮತ್ತು ಮೈನಸ್ ಮಸೂರ ಇಟ್ಟರೆ ಅದಕ್ಕಿಂತ ಕೆಳಗಿನ ಸಾಲು ಓದುತ್ತಾಳೆಯೇ ಎಂಬುದನ್ನು ಬರೆಸಿಕೊಳ್ಳಿ. ಮಸೂರವಿಲ್ಲದೆಯೇ 6/6 ಓದಿದರೆ ಮೈನಸ್ 0.50 ರಿಯಾಯಿತಿಯೊಳಗೆ ಬರುತ್ತದೆ, ಎನ್‌ಡಿಎಗೆ ಫ್ಲೈಯಿಂಗ್ ಶಾಖೆಯನ್ನೇ ಆಯ್ದುಕೊಂಡು ಅರ್ಜಿ ಹಾಕಬಹುದು. ಮಸೂರ ಇಟ್ಟ ಮೇಲಷ್ಟೇ ಓದಿದರೆ ಅದು ಪ್ರಕಟವಾದ ಮೈನಸ್ ಎಂದೇ ಲೆಕ್ಕ, ಅದಕ್ಕೆ ರಿಯಾಯಿತಿ ಇಲ್ಲ.

ಎರಡನೆಯದು ಆದರೂ ಲೆಕ್ಕಾಚಾರ ಕಷ್ಟವಲ್ಲ. ಭೌತಶಾಸ್ತ್ರ, ಗಣಿತ ಹೇಗೂ ಇವೆ. ಅರವತ್ತು ಶೇಕಡಾದೊಂದಿಗೆ ಪದವಿ ಮುಗಿಸಲಿ. ಇಪ್ಪತ್ತು ತುಂಬಿದ ಮೇಲೆ, ಆಗ ದೋಷ ನಿಂತಿದ್ದರೆ, ಲೇಸರ್ ಮಾಡಿಸಿದರೆ ಇಪ್ಪತ್ತೊಂದಕ್ಕೆ ಹನ್ನೆರಡು ತಿಂಗಳು ಮುಗಿಯುತ್ತವೆ. ಎಎಫ್‌ಸಿಎಟಿ ಫ್ಲೈಯಿಂಗ್ ಶಾಖೆಗೆ ಇಪ್ಪತ್ತನಾಲ್ಕರವರೆಗೆ ವಯೋಮಿತಿ ಇದೆ, ಪರೀಕ್ಷೆ ವರ್ಷಕ್ಕೆರಡು ಬಾರಿ ನಡೆಯುತ್ತದೆ. ಒಂದು ಡಯಾಪ್ಟರ್‌ಗೂ ಕಡಿಮೆ ದೋಷ ತೆಗೆಯಲು ಕಾರ್ನಿಯಾ ಸವೆಯುವುದು ಹತ್ತಿಪ್ಪತ್ತು ಮೈಕ್ರಾನ್ ಮಾತ್ರ, ಸಾಮಾನ್ಯ ಕಾರ್ನಿಯಾ 540ರ ಆಸುಪಾಸು ಇರುವುದರಿಂದ ಆ ಷರತ್ತು ಅವಳಿಗೆ ದೊಡ್ಡದಲ್ಲ. ಅಲ್ಲಿಯವರೆಗೆ ಆರು ತಿಂಗಳಿಗೊಮ್ಮೆ ತೋರಿಸಿ, ಪ್ರತಿ ಬಾರಿಯ ಚೀಟಿಯನ್ನೂ ದಿನಾಂಕ ಸಹಿತ ಒಂದೇ ಕಡತದಲ್ಲಿ ಇಡಿ. ನಂಬರು ನಿಂತಿದೆಯೇ, ಏರುತ್ತಿದೆಯೇ ಎಂಬುದು ಆ ಚೀಟಿಗಳಿಂದಲೇ ತಿಳಿಯುವುದು. ವ್ಯಾಯಾಮದಿಂದ ನಂಬರು ಇಳಿಸುತ್ತೇವೆ ಎನ್ನುವ ವಿಡಿಯೋಗಳಿಗೆ ಹಣ ಕಟ್ಟಬೇಡಿ, ಉದ್ದವಾಗಿ ಬೆಳೆದ ಕಣ್ಣುಗುಡ್ಡೆ ವ್ಯಾಯಾಮದಿಂದ ಗಿಡ್ಡವಾಗುವುದಿಲ್ಲ. ಸಂಜೆ ಒಂದು ಗಂಟೆ ಹಾಕಿ ಆಟವಾಡಲು ಮೈದಾನಕ್ಕೆ ಕಳುಹಿಸಿ, ಅದು ಖರ್ಚಿಲ್ಲದ್ದು.

ಎಡಗಣ್ಣು ಓದಿದ ಸಾಲು ಯಾವುದೆಂದು ಇಲ್ಲಿಯೇ ಬರೆಯಿರಿ. ಕಾಯುತ್ತಿರುತ್ತೇನೆ.