ಅಪಾರ್ಟ್‌ಮೆಂಟ್‌ನಲ್ಲಿ ಯಜ್ಡಿ ಬಿಚ್ಚೋಕೆ ಜಾಗ ಎಲ್ಲಿ?

ರೋಡ್‌ಕಿಂಗ್ ಸವಾರ:
ಬನಶಂಕರಿಯಲ್ಲಿ ಮೂರನೇ ಮಹಡಿಯ ಫ್ಲ್ಯಾಟ್. ಕೆಳಗೆ ಅಪ್ಪನ ಯಜ್ಡಿ ರೋಡ್‌ಕಿಂಗ್ ಬೈಕ್ ನಿಂತಿದೆ, ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚುವ ಮುಂಚಿನದು. ಕ್ಲಚ್ ಪ್ಲೇಟ್ ಬದಲಾಯಿಸಬೇಕು. ಬೇಸ್‌ಮೆಂಟ್‌ನಲ್ಲಿ ಸ್ಪ್ಯಾನರ್ ಹೊರಗೆ ತೆಗೆದರೆ ಸಾಕು, ಸೆಕ್ಯೂರಿಟಿಯವರು ಹಾಜರ್. ಅಸೋಸಿಯೇಷನ್‌ಗೆ ಎಣ್ಣೆ ಕಲೆಯದೇ ಚಿಂತೆ. ಕಾರಿನಿಂದ ಸೋರಿದ್ದು ಮಾತ್ರ ಯಾರ ಕಣ್ಣಿಗೂ ಬೀಳಲ್ಲ! ನೀವೆಲ್ಲ ಎಲ್ಲಿ ಮಾಡ್ತೀರಾ?

ಗ್ರೀಸ್ ಕೈ:
ಸೆಕ್ರೆಟರಿಗೆ ಮೊದಲೇ ಒಂದು ಮಾತು ಹೇಳಿಬಿಡಿ. ಹಳೆ ಫ್ಲೆಕ್ಸ್ ಬ್ಯಾನರ್ ಹಾಸಿ, ಮೇಲೆ ರಟ್ಟು ಹಾಕಿ. ಕಿಕ್ಕರ್, ಗೇರ್ ಎರಡಕ್ಕೂ ಒಂದೇ ಲಿವರ್ ಅಲ್ವಾ, ಅದನ್ನು ತೆಗೆಯದೆ ಕ್ಲಚ್ ಮುಚ್ಚಿರೋ ಎಡಗಡೆ ಕವರ್ ಬರಲ್ಲ. ಅದಕ್ಕೂ ಮುಂಚೆ ಗೇರ್ ಆಯಿಲ್ ಇಳಿಸಿ, ಇಲ್ಲದಿದ್ದರೆ ಎಲ್ಲ ನೆಲಕ್ಕೆ. ಬೇಸ್‌ಮೆಂಟ್‌ನಲ್ಲಿ ಇಂಜಿನ್ ಸ್ಟಾರ್ಟ್ ಮಾಡಿ ಬಿಡಬೇಡಿ, ಹೊಗೆ ವಿಷ.

ಜಯನಗರದವ:
ಗುರುತಿನ ಮೆಕ್ಯಾನಿಕ್ ಇದ್ದರೆ ಭಾನುವಾರ ಅವರ ಅಂಗಡಿ ಮುಂದೆ ಜಾಗ ಕೇಳಿ. ಕಾಫಿ ಕೊಡಿಸಿ, ಸ್ವಲ್ಪ ದುಡ್ಡೂ ಕೊಡಿ. ಕ್ಲಚ್ ಎಳೆದು ಬಿಚ್ಚೋ ಟೂಲ್, ಕ್ಲಚ್ ಪುಲ್ಲರ್ ಕೂಡ ಅಲ್ಲೇ ಸಿಗುತ್ತೆ.

ರೋಡ್‌ಕಿಂಗ್ ಸವಾರ:
ಪುಲ್ಲರ್ ವಿಷಯ ಒಳ್ಳೇದಾಯ್ತು. ಪ್ಲೇಟ್‌ಗೆ ಶನಿವಾರ ಜೆ.ಸಿ. ರಸ್ತೆಗೆ ಹೋಗ್ತೀನಿ, ಯಾರಿಗಾದರೂ ಏನಾದರೂ ಬೇಕಾ?