ಅಪ್‌ಡೇಟ್: ಹಳೇ ಕೇಸನ್ನು ಫಾರಂನಲ್ಲಿ ಬರೆದೆ, ಕೆಲಸ ಸಿಕ್ಕಿತು

ಕಾಲೇಜಿನ ಗಲಾಟೆ ಕೇಸಿನಲ್ಲಿ ಖುಲಾಸೆಯಾಗಿದ್ದೇನೆ, ಕೇಂದ್ರ ಸರ್ಕಾರಿ ಕೆಲಸದ ಅಟೆಸ್ಟೇಶನ್ ಫಾರಂನಲ್ಲಿ (ನಮ್ಮ ಹಿನ್ನೆಲೆಯನ್ನು ನಾವೇ ಬರೆದುಕೊಡುವ ಫಾರಂ) ಅದನ್ನು ಬರೆಯಬೇಕಾ ಅಂತ ಹೋದ ತಿಂಗಳು ಕೇಳಿದ್ದೆನಲ್ಲ, ಬರೆದೆ. ‘ಖುಲಾಸೆ ಆಗಿದೆ, ಸುಮ್ನೆ ಇಲ್ಲ ಅಂತ ಹಾಕು’ ಅಂದವರ ಮಾತು ಕೇಳಿದ್ದರೆ ಕೆಡುತ್ತಿದ್ದೆ. ಆ ಫಾರಂ ಶಿಕ್ಷೆ ಆಗಿದೆಯಾ ಅಂತ ಮಾತ್ರ ಕೇಳುವುದಿಲ್ಲ, ಯಾವತ್ತಾದರೂ ಬಂಧನ ಆಗಿದೆಯಾ ಅಂತಲೂ ಕೇಳುತ್ತದೆ. ಕೇಸ್ ನಂಬರ್ ಬರೆದು ತೀರ್ಪಿನ ದೃಢೀಕೃತ ನಕಲು ಲಗತ್ತಿಸಿ ಅಂದವರಿಗೆ ತುಂಬಾ ಥ್ಯಾಂಕ್ಸ್. ವೆರಿಫಿಕೇಶನ್‌ಗೆ ಬಂದ ಪೊಲೀಸರು ಅದೇ ನಂಬರಿನ ಮೇಲೆ ಬೆರಳಿಟ್ಟು ಸ್ಟೇಷನ್ನಿನ ದಾಖಲೆ ಜೊತೆ ತಾಳೆ ನೋಡಿದರು.

ಒಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ನಿಜ ಹೇಳಿದರೂ ಅಭ್ಯರ್ಥಿಯ ಹಿನ್ನೆಲೆ ನೋಡಿ ತೀರ್ಮಾನಿಸುವ ಹಕ್ಕು ಇಲಾಖೆಗೆ ಇದೆ ಅಂತ 2016ರ ಅವತಾರ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನು ಓದಿದ ಮೇಲೆ ಎರಡು ವಾರ ನಿದ್ದೆ ಬರಲಿಲ್ಲ. ಸೋಮವಾರ ನೇಮಕಾತಿ ಪತ್ರ ಬಂತು.